ಕೂಸಿಗೆ ಪಾಳಿ ಇಲ್ಲ

ನೆರೆಯ ಮುದುಕಿ ಆಡಿನ ಆಯಿಯ ಬಲಗಾಲು ಮೊಣಕಾಲಿನ ಕೆಳಗೆ ಸೊಟ್ಟಗಿತ್ತು. ಹರೆಯದಲ್ಲಿ ಹೋತವೊಂದು ಹಾಯ್ದು ಎಲುಬು ಮುರಿದಿತ್ತಂತೆ. ಕಟ್ಟಿದವರು ನೆಟ್ಟಗೆ ಕಟ್ಟಿರಲಿಲ್ಲ. ನಡೆಯುವಾಗ ಆ ಕಾಲು ಹೊರಕ್ಕೆ ಬೀಸುತ್ತಿತ್ತು. ಆದರೆ ಗೋಡೆಗೆ ಒರಗಿ ಎರಡೂ ಕಾಲು ನೀಡಿ ಕೂತಳೆಂದರೆ, ಆ ಸೊಟ್ಟಿನಲ್ಲಿ ನನ್ನ ಸಣ್ಣ ಮಗಳ ಕುತ್ತಿಗೆ ಅಳತೆ ತೆಗೆದು ಮಾಡಿದಂತೆ ಕೂರುತ್ತಿತ್ತು. ದೊಡ್ಡವಳು ಎಡಗಾಲ ಮೇಲೆ, ಸಣ್ಣವಳು ಬಲಗಾಲ ಮೇಲೆ. ದೊಡ್ಡವಳು ಸಣ್ಣವಳು ಎಂದರೆ ಅರ್ಧ ತಾಸಿನ ಹೆಚ್ಚುಕಡಿಮೆ, ಅಷ್ಟೇ. ಅವಳಿ ಕೂಸುಗಳು.

ಎಪ್ಪತ್ತರ ದಶಕದ ನಡುವಿನ ಮಾತಿದು. ಇಂಡಿ ಊರಿನ ಹೊರಗೆ ಮೂವರು ಅಣ್ಣತಮ್ಮಂದಿರ ಲಿಂಬೆ ತೋಟದಲ್ಲಿ ನಾನು ನೀರು ಹಾಯಿಸುತ್ತಿದ್ದೆ, ಅಲ್ಲೇ ಒಂದು ಕೋಣೆಯಲ್ಲಿ ಸಂಸಾರ. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವನು ನಾನು. ಆದರೆ ನೀರಿನ ಪಾಳಿಯ ಮಾತು ಬಂದರೆ ನನ್ನ ಮುಂದೆ ಯಾರೂ ಬಾಯಿ ತೆಗೆಯುತ್ತಿರಲಿಲ್ಲ. ಒಂದೇ ಬಾವಿ, ಒಂದೇ ಇಂಜಿನ್ನು, ಮೂವರ ಗಿಡ. ಯಾರ ಕಡೆಗೆ ಯಾವಾಗ ಕಾಲುವೆ ತಿರುವಬೇಕು, ಯಾವಾಗ ಮುಚ್ಚಬೇಕು, ಎಲ್ಲ ನನ್ನ ತಲೆಯಲ್ಲಿ. ತಮ್ಮತಮ್ಮೊಳಗೆ ಮಾತು ಬಿಟ್ಟಿದ್ದ ಆ ಮೂವರೂ ನನ್ನ ಪಾಳಿಯ ಮೇಲೆ ಒಂದು ತಕರಾರು ತೆಗೆಯಲಿಲ್ಲ. ಇದನ್ನು ಇಂದಿಗೂ ಎದೆ ಎತ್ತಿ ಹೇಳುತ್ತೇನೆ.

ತೋಟದ ಬೇಲಿಯಾಚೆ ಆಯಿಯ ಗುಡಿಸಲು, ಏಳೆಂಟು ಆಡು. ಗಂಡ ತೀರಿ ಬಹಳ ವರ್ಷವಾಗಿತ್ತು. ಮಕ್ಕಳು ಹುಟ್ಟುವ ಮೊದಲು ನನಗೂ ಅವಳಿಗೂ ಜಗಳವೇ ಮಾತು. ನಿನ್ನ ಆಡು ನನ್ನ ಗಿಡ ತಿಂದವು ಎಂದು ನಾನು ಕೂಗಿದರೆ ಅವಳು ಕೂತಲ್ಲಿಂದಲೇ ಹೇಳುತ್ತಿದ್ದಳು: "ಆಡು ಒಳಗ ಬಂದಿಲ್ಲೋ ತಮ್ಮಾ, ನಿನ್ನ ಗಿಡಾನ ಬೇಲಿ ಹೊರಗ ಚಾಚ್ಯಾವ."

ನನ್ನ ಹೆಂಡತಿಯ ತವರು ತಾಂಬಾ. ಬಾಣಂತನ ಮಾಡಲು ತಾಯಿ ಇರಲಿಲ್ಲ, ಹೆಂಡತಿ ಚಿಕ್ಕವಳಿದ್ದಾಗಲೇ ತೀರಿಹೋಗಿದ್ದಳು. ಬಸವನ ಬಾಗೇವಾಡಿಯಿಂದ ನನ್ನ ಅತ್ತಿಗೆ, ಬರಲೇನು ಎಂದು ಹೇಳಿ ಕಳಿಸಿದಳು. ಬೇಡ ಎಂದೆ. ನನ್ನ ಮನೆ ನಾನು ನೋಡಿಕೊಂಡೇನು ಎಂಬ ಸೊಕ್ಕು.

ನೋಡಿಕೊಂಡದ್ದು ಹೀಗೆ: ಮಕ್ಕಳಿಗೂ ಪಾಳಿ ಹಚ್ಚಿದೆ. ಒಂದು ತಾಸು ದೊಡ್ಡವಳದು, ಮುಂದಿನ ತಾಸು ಸಣ್ಣವಳದು. ಒಬ್ಬಳ ಪಾಳಿಯಲ್ಲಿ ಇನ್ನೊಬ್ಬಳು ಅತ್ತರೆ ಕಾಯಬೇಕು. ಗಿಡ ಕಾಯುತ್ತದೆ, ಕೂಸು ಕಾಯುವುದಿಲ್ಲ. ಒಬ್ಬಳು ಕುಡಿದು ಮಲಗುವ ಹೊತ್ತಿಗೆ ಇನ್ನೊಬ್ಬಳು ಎದ್ದು ಅರಚಿ ಅವಳನ್ನೂ ಎಬ್ಬಿಸುತ್ತಿದ್ದಳು. ಹಗಲಿಲ್ಲ, ರಾತ್ರಿಯಿಲ್ಲ. ತಿಂಗಳೊಪ್ಪತ್ತಿನಲ್ಲಿ ನನ್ನ ಹೆಂಡತಿಯ ಕಣ್ಣು ಒಳಗೆ ಹೋದವು, ಹಾಲು ಇಳಿಯಿತು. ಸಣ್ಣವಳ ತೊಡೆಯ ತೊಗಲು ಸುಕ್ಕುಗಟ್ಟಿತು, ಅಳುವ ದನಿಯೂ ಸಣ್ಣದಾಯಿತು. ಒಂದು ದಿನ ಹೆಂಡತಿ ಹಾಲೂಡಿಸುತ್ತ ಕೂತಲ್ಲೇ ತೂಕಡಿಸಿ, ಸಣ್ಣ ಕೂಸು ಮಡಿಲಿನಿಂದ ಜಾರಿ ನೆಲಕ್ಕೆ ಬಿತ್ತು. ಪೆಟ್ಟಾಗಲಿಲ್ಲ. ಆದರೆ ಅದನ್ನು ಎತ್ತಿಕೊಂಡಾಗ, ಇದು ಉಳಿಯುತ್ತದೋ ಇಲ್ಲವೋ ಎಂದು ಮೊದಲ ಸಲ ನನಗೆ ಅನಿಸಿತು.

ಪರಿಚಯದ ಲಾರಿ ಡ್ರೈವರನೊಬ್ಬ ಕಡಲೆಕಾಳಿನಷ್ಟು ಅಫೀಮು ಕೊಟ್ಟ. ಸಾಸಿವೆಯಷ್ಟು ನೆಕ್ಕಿಸು, ಬೆಳತನಕ ಮಲಗುತ್ತವೆ ಎಂದ. ಧೋತರದ ಚುಂಗಿಗೆ ಗಂಟು ಹಾಕಿಕೊಂಡು ಮನೆಗೆ ಬಂದೆ.

ಅದೇ ಸಂಜೆ ಆಯಿ ಬೇಲಿ ದಾಟಿ ಬಂದಳು. ಸಹಾಯಕ್ಕೆ ಬಂದೆ ಅನ್ನಲಿಲ್ಲ, ತಕರಾರು ತಂದಿದ್ದಳು. "ನಿನ್ನ ಮಕ್ಕಳ ಅಳು ಕೇಳಿ ನನ್ನ ಆಡು ಹಾಲ ಬಿಡವಲ್ವು" ಎಂದಳು. ಸಹಾಯ ಅಂದಿದ್ದರೆ ನಾನು ಬಾಗಿಲಲ್ಲೇ ತಿರುಗಿಸಿ ಕಳಿಸುತ್ತಿದ್ದೆ. ಅದು ಅವಳಿಗೆ ಗೊತ್ತಿತ್ತು ಎಂಬುದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

ಒಳಗೆ ಬಂದು ಕೂತಳು, ಮಕ್ಕಳನ್ನು ನೋಡಿದಳು, ಹೆಂಡತಿಯನ್ನು ನೋಡಿದಳು. ನನ್ನ ಕೈ ಸುಮ್ಮನೆ ಆ ಗಂಟನ್ನು ಮುಟ್ಟುತ್ತಿತ್ತು. ಅದೇನು ಕಟ್ಟಿಕೊಂಡಿದ್ದೀ ಎಂದು ಕೇಳಿದಳು. ಹೇಳಿದೆ. ಬಿಚ್ಚಿಸಿಕೊಂಡು, ಹೊರಗೆ ಹೋಗಿ, ತಿಪ್ಪೆಯಲ್ಲಿ ಒಗೆದು ಸೊಟ್ಟ ಕಾಲಿನಿಂದ ಮಣ್ಣು ಎಳೆದು ಬಂದಳು.

"ನಿದ್ದಿ ಬ್ಯಾರೆ, ಎಚ್ಚರ ತಪ್ಪೋದು ಬ್ಯಾರೆ ತಮ್ಮಾ. ನನಗೂ ಜವಳಿ ಕೂಸು ಇದ್ವು, ಇದನ್ನ ನೆಕ್ಕಿಸಿದ್ನಿ. ಒಬ್ಬಾಕಿ ನುಂಗಿದ್ಲು, ಒಬ್ಬಾಕಿ ಉಗುಳಿದ್ಲು. ಉಗುಳಿದಾಕಿ ಮುದ್ದೇಬಿಹಾಳದಾಗ ಸಂಸಾರ ಮಾಡಾಕತ್ತಾಳ."

 

ಆಮೇಲೆ ಮಕ್ಕಳಿಗೆ ಹಚ್ಚಿದ್ದ ಪಾಳಿಯ ಲೆಕ್ಕವನ್ನೆಲ್ಲ ಹೇಳಿಸಿಕೊಂಡಳು. ನಾನು ಹೆಮ್ಮೆಯಿಂದಲೇ ಹೇಳಿದೆ. ಕೇಳಿ ಮುಗಿಸಿ ಕೇಳಿದಳು:

"ಹಗಲೂ ರಾತ್ರಿ ಇಂಜಿನ್ ಹೊಡದ್ರ ನಿನ್ನ ಬಾವಿ ಏನಾಗ್ತೈತಿ?"

"ತಳ ಕಾಣ್ತೈತಿ."

"ಆವಾಗ ಏನ ಮಾಡ್ತಿ?"

"ಬಂದ್ ಮಾಡಿ ಸೆಲಿ ನೀರ ಕೂಡಾಕ ಬಿಡ್ತೇನಿ."

"ಮತ್ತ ಈ ಬಾವೀನ ಎಂದ ಬಂದ್ ಮಾಡಿದಿ?" ಎಂದು ನನ್ನ ಹೆಂಡತಿಯ ಕಡೆ ಕೈ ಮಾಡಿದಳು. "ಕೂಸಿಗೆ ಪಾಳಿ ಇಲ್ಲ. ಒಂದ ಎದ್ರ ಇನ್ನೊಂದನ್ನೂ ಎಬ್ಬಸು. ಎರಡೂ ಕಾಲವಿ ಒಮ್ಮೆಲೆ ತಗಿ, ಒಮ್ಮೆಲೆ ಮುಚ್ಚು."

ನೀರು ಹಾಯಿಸಿ ಬದುಕುವವನು ನಾನು. ಆ ಮಾತು ನನಗೆ ತಿಳಿಯಲು ಅರೆಗಳಿಗೆ ಸಾಕಾಯಿತು. ನನ್ನ ಕಿವಿ ಬಿಸಿಯಾದವು.

ಅಂದಿನಿಂದ ಮನೆ ಆಯಿಯ ಕೈಗೆ ಹೋಯಿತು. ಕೌದಿ ಮಡಚಿ ಹೆಂಡತಿಯ ಎರಡೂ ಪಕ್ಕಕ್ಕೆ ಇಟ್ಟು, ಹುಲ್ಲಿನ ಸಿವುಡು ಕಂಕುಳಲ್ಲಿ ಹಿಡಿದಂತೆ ಎರಡೂ ಕೂಸುಗಳನ್ನು ಒಟ್ಟಿಗೇ ಹಿಡಿಯುವುದನ್ನು ಕಲಿಸಿದಳು. ಕುಡಿದ ಮೇಲೆ ತೇಗು ಬರುವ ತನಕ ಒಂದು ಕೂಸು ಅವಳ ಹೆಗಲ ಮೇಲೆ, ಇನ್ನೊಂದು ನನ್ನ ಹೆಗಲ ಮೇಲೆ. ಗಂಡಸು ಅಂಗಳದಲ್ಲಿ ಕೂಸಿನ ಬೆನ್ನು ತಟ್ಟುತ್ತ ಅಡ್ಡಾಡುವುದೆಂದರೆ ನನಗೆ ಸಂಕೋಚ. ದಾರಿಹೋಕರು, ಇವತ್ತ ಈ ಗಿಡದ ಪಾಳಿ ಏನೋ ಎಂದು ಚೇಷ್ಟೆ ಮಾಡುತ್ತಿದ್ದರು. ಆಯಿಗೆ ಹೇಳಿದರೆ, ಸಲಿಕಿ ಹೊರುವ ಹೆಗಲಿಗೆ ಕೂಸು ಭಾರವೇ ಎಂದು ಕೇಳಿದಳು.

ಸಂಜೆ ಆಡು ಮನೆಗೆ ಬರುವ ಹೊತ್ತಿಗೆ ಎಣ್ಣೆ ಹಚ್ಚಿ ಎರೆಯುವ ಕೆಲಸ. ಬಾಗಿಲಿಗೆ ಕಾಲು ನೀಡಿ ಇಬ್ಬರನ್ನೂ ಕಾಲ ಮೇಲೆ ಹಾಕಿಕೊಂಡು ನೀರು ಹಾಕುತ್ತಿದ್ದಳು. ನಾವು ಮಲಗುವ ಮುಂಚೆ ಮಕ್ಕಳಿಗೆ ನಿದ್ದೆಗಣ್ಣಿನಲ್ಲೇ ಇನ್ನೊಮ್ಮೆ ಹಾಲು. ಆಮೇಲೆ ಎದ್ದರೂ ದೀಪ ದೊಡ್ಡದು ಮಾಡುವಂತಿಲ್ಲ, ಮಾತಾಡಿಸುವಂತಿಲ್ಲ. "ಹಗಲ ಎಷ್ಟರ ಮುದ್ದ ಮಾಡ್ರಿ, ರಾತ್ರಿ ಮೂಗರಾಗ್ರಿ. ಕತ್ತಲ ಅಂದ್ರ ಏನಂತ ಅವಕ್ಕ ತಿಳೀಬೇಕು" ಅನ್ನುತ್ತಿದ್ದಳು. ದಿನಾ ಒಂದು ತಂಬಿಗೆ ಆಡಿನ ಹಾಲು ತರುತ್ತಿದ್ದಳು. ಅದು ಕೂಸಿಗಲ್ಲ, ಬಾಣಂತಿಗೆ. ಬದಲಿಗೆ ನಾನು ಲಿಂಬೆಹಣ್ಣು ಕೊಡಹೋದರೆ ಹಲ್ಲು ಜುಮ್ಮೆನ್ನುತ್ತದೆ ಎಂದು ತಳ್ಳಿದಳು. ಇದ್ದವೇ ನಾಲ್ಕು ಹಲ್ಲು. ಆಡು ಬೇಲಿ ದಾಟಿದರೆ ಕಲ್ಲು ಒಗೆಯಬೇಡ, ಅಷ್ಟು ಸಾಕು ಎಂದಳು.

ಮಕ್ಕಳ ನಾಲ್ಕನೆಯ ತಿಂಗಳಲ್ಲಿ ಒಂದು ಬೆಳಗ್ಗೆ ಕಣ್ಣು ಬಿಟ್ಟಾಗ ಬಿಸಿಲು ಹೊಸ್ತಿಲು ದಾಟಿತ್ತು. ಮನೆಯಲ್ಲಿ ಸದ್ದೇ ಇಲ್ಲ. ಇಬ್ಬರ ಮೂಗಿನ ಕೆಳಗೂ ಬೆರಳು ಹಿಡಿದು ನೋಡಿದೆ. ಬೆಚ್ಚಗಿತ್ತು. ರಾತ್ರಿಯಿಡೀ ಮಲಗಿದ್ದವು. ಹೆಂಡತಿಯೂ ಬಾಯಿ ತೆರೆದು ಮಲಗಿದ್ದಳು. ಬೇಲಿ ದಾಟಿ ಓಡಿದೆ. ಆಯಿ ಹಾಲು ಕರೆಯುತ್ತಿದ್ದಳು. ರಾತ್ರಿಯಿಡೀ ಮಲಗಿದವು ಎನ್ನುವಾಗ ನನ್ನ ಕಣ್ಣಲ್ಲಿ ನೀರು ಬಂತು. "ಕೂಸು ಮಲಗಿದ್ದಕ್ಕ ಅಳೋ ಗಂಡಸನ್ನ ಇವತ್ತ ನೋಡಿದ್ನಿ" ಎಂದು ಆಡಿಗೆ ಹೇಳಿದಳು, ನನಗಲ್ಲ.

ಮರುವರ್ಷ ಅವಳ ಕಾಲು ಪೂರ್ತಿ ಕೈಬಿಟ್ಟಿತು. ಮುದ್ದೇಬಿಹಾಳದ ಮಗಳು ಬಂದು ಕರೆದುಕೊಂಡು ಹೋದಳು. ಇಂಡಿ ಬಸ್‌ಸ್ಟ್ಯಾಂಡಿನಲ್ಲಿ ನಾನು, ಮಕ್ಕಳಿಗೆ ನಡಿಗೆ ಬರಲಿ, ಕರೆದುಕೊಂಡು ಬರುತ್ತೇನೆ ಎಂದೆ. ಕಿಟಕಿಯಿಂದ ಇಬ್ಬರ ಗಲ್ಲವನ್ನೂ ಸವರಿ ಹೇಳಿದಳು: "ಇಬ್ರನ್ನೂ ಕೂಡೇ ತಾ. ಪಾಳಿ ಹಚ್ಚಬ್ಯಾಡ."

ಮಕ್ಕಳು ನಡೆದರು, ಓಡಿದರು. ನಾನು ಹೋಗಲಿಲ್ಲ. ಈ ವಾರ ನೀರಿದೆ, ಈ ಸಲ ಹೂವು ಬಿಟ್ಟಿದೆ, ನಾನಿಲ್ಲದಿದ್ದರೆ ಪಾಳಿ ಕೆಟ್ಟೀತು. ಹೀಗೇ ಹೇಳಿಕೊಂಡು ಮೂರು ವರ್ಷ ಹೋಯಿತು.

ಕೊನೆಗೊಮ್ಮೆ ಪಾಳಿಯನ್ನು ಇನ್ನೊಬ್ಬನಿಗೆ ಒಪ್ಪಿಸಿ, ಸಿಂದಗಿಯಲ್ಲಿ ಬಸ್ಸು ಬದಲಿಸಿ, ಇಬ್ಬರನ್ನೂ ಕರೆದುಕೊಂಡು ಮುದ್ದೇಬಿಹಾಳಕ್ಕೆ ಹೋದೆ. ಮಗಳು ಬಾಗಿಲಲ್ಲಿ ನಿಂತು ನನ್ನನ್ನಲ್ಲ, ಮಕ್ಕಳನ್ನು ನೋಡಿ ಗುರುತು ಹಿಡಿದಳು. ಆಯಿ ತೀರಿಹೋಗಿ ಎಂಟು ತಿಂಗಳಾಗಿತ್ತು.

ಮಗಳು ನಮ್ಮನ್ನು ಊಟಕ್ಕೆ ಕೂರಿಸಿದಳು. ಮಕ್ಕಳಿಗೆ ಎರಡು ತಾಟು ಇಡಹೋದವಳು ತಡೆದು, ಒಂದೇ ತಾಟಿನಲ್ಲಿ ರೊಟ್ಟಿ ಮುರಿದಿಟ್ಟಳು. "ಸಾಯೋತನಕ ಒಂದ ಕೇಳ್ತಿದ್ಲ್ರಿ ಅಣ್ಣಾ, ಅವು ಕೂಡೇ ಉಣತಾವೋ ಇಲ್ಲೋ ಅಂತ." ನನ್ನ ಮಕ್ಕಳು ಒಬ್ಬರ ಕೈಯ ತುತ್ತನ್ನು ಒಬ್ಬರು ಕಸಿಯುತ್ತ ಉಂಡರು. ಅವಳು ಸೆರಗು ಬಾಯಿಗೆ ಹಿಡಿದು ನೋಡುತ್ತ ನಿಂತಳು.

ತಿರುಗಿ ಬರುವಾಗ ಬಸ್ಸಿನಲ್ಲಿ ಹಿಂದಿನ ಸೀಟು ಸಿಕ್ಕಿತು. ಚೀಲದ ಮೇಲೆ ಕಾಲು ನೀಡಿ ಕೂತೆ. ದೊಡ್ಡವಳು ಎಡಗಾಲ ಮೇಲೆ, ಸಣ್ಣವಳು ಬಲಗಾಲ ಮೇಲೆ ಒಟ್ಟಿಗೇ ನಿದ್ದೆಹೋದರು. ನನ್ನ ಕಾಲು ನೆಟ್ಟಗಿದೆ. ಸಣ್ಣವಳ ತಲೆ ಮತ್ತೆ ಮತ್ತೆ ಜಾರುತ್ತಿತ್ತು. ಕೈ ಅಡ್ಡ ಹಿಡಿದೆ. ಕಾಲು ಜೋಮು ಹಿಡಿದವು. ಸಿಂದಗಿ ಬರುವ ತನಕ ಅಲುಗಾಡಲಿಲ್ಲ.