ಆಡಿಟರಿಗೊಂದು ದೃಷ್ಟಿಬೊಟ್ಟು

ನನ್ನ ತಂಗಿ ಕೆ.ಆರ್. ಪುರದ ಆಚೆ ಒಂದು ಸಣ್ಣ ಪ್ಲೇಟಿಂಗ್ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾಳೆ. ಬೇರೆಡೆ ತಯಾರಾದ ಕಬ್ಬಿಣದ ಬಿಡಿಭಾಗಗಳು ಅಲ್ಲಿಗೆ ಬಂದು, ನಿಕ್ಕಲ್ ದ್ರಾವಣದ ತೊಟ್ಟಿಗಳಲ್ಲಿ ಮುಳುಗಿ, ಹೊಳಪು ಹಚ್ಚಿಕೊಂಡು ಹೋಗುತ್ತವೆ. ಪ್ರಯೋಗಾಲಯದ ಸಹಾಯಕಿಯಾಗಿ ಸೇರಿದವಳನ್ನು ಮಾಲೀಕರು ಆಮೇಲೆ ಪರಿಸರದ ಉಸ್ತುವಾರಿಗೆ ಹಾಕಿದರು. ಅವಳ ಗಂಡ ಬೆನ್ನಿನ ಆಪರೇಷನ್ ಆದಮೇಲೆ ಕೆಲಸಕ್ಕೆ ಹೋಗುತ್ತಿಲ್ಲ. ಲಿಂಗರಾಜಪುರದ ಬಾಡಿಗೆ ಮನೆ ನಡೆಯುವುದು ಇವಳ ಸಂಬಳದಿಂದ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನಡೆದದ್ದರಲ್ಲಿ ಪಣಕ್ಕಿದ್ದದ್ದು ಅದೇ.

ನಾನು ಪತ್ರಿಕೆಯವನು. ಭಾನುವಾರ ರಜೆ ಸಿಕ್ಕರೆ ಇಂದಿರಾನಗರದಿಂದ ಹೊರಟು ಅವಳ ಮನೆಯಲ್ಲಿ ಊಟ ಮಾಡಿ ಬರುವುದು ರೂಢಿ. ಅಂಥ ಒಂದು ಭಾನುವಾರ ಅವಳು ಸಾರಿಗೆ ಒಗ್ಗರಣೆ ಹಾಕುತ್ತ, "ಫೋರ್ಟೀನ್ ಥೌಸಂಡ್ ಒನ್ ಬಂತು ಅಣ್ಣ," ಎಂದಳು. ಪಕ್ಕದ ಮನೆಯ ಮಗುವಿಗೆ ಹಲ್ಲು ಬಂತು ಎನ್ನುವ ಧಾಟಿಯಲ್ಲಿ.

ಅದು ಒಂದು ಅಂತರರಾಷ್ಟ್ರೀಯ ಮಾನದಂಡದ ಸಂಖ್ಯೆ. ಒಂದು ಸಂಸ್ಥೆ ತನ್ನ ಕೆಲಸದಿಂದ ನೆಲ, ನೀರು, ಗಾಳಿಗೆ ಏನಾಗುತ್ತಿದೆ ಎಂದು ತಿಳಿದುಕೊಳ್ಳಬೇಕು, ದೇಶದ ಕಾನೂನು ಪಾಲಿಸಬೇಕು, ಗುರಿ ಇಟ್ಟುಕೊಳ್ಳಬೇಕು, ತಪ್ಪಿದಲ್ಲಿ ತಿದ್ದಿಕೊಳ್ಳಬೇಕು, ವರ್ಷದಿಂದ ವರ್ಷಕ್ಕೆ ಉತ್ತಮವಾಗಬೇಕು. ಯಾವ ಸರ್ಕಾರವೂ ಇದನ್ನು ಹೇರುವುದಿಲ್ಲ, ಬೇಕಾದವರು ಹಾಕಿಕೊಳ್ಳಬಹುದು. ಆದರೆ ವೈಟ್‌ಫೀಲ್ಡಿನ ದೊಡ್ಡ ಕಂಪನಿ, ಪ್ರಮಾಣಪತ್ರ ಇಲ್ಲದವರಿಗೆ ಆರ್ಡರ್ ಇಲ್ಲ ಎಂದುಬಿಟ್ಟಿತ್ತು. ಸ್ವಯಂಪ್ರೇರಣೆ ಬಂದದ್ದು ಆ ದಾರಿಯಲ್ಲಿ.

ನನಗೆ ಅದರಲ್ಲಿ ನಂಬಿಕೆ ಹುಟ್ಟಲಿಲ್ಲ. ಎಷ್ಟು ಕೊಳೆ ಬಿಡಬಹುದು ಎಂದು ಆ ಮಾನದಂಡ ಹೇಳುವುದಿಲ್ಲ, ಅದನ್ನು ಕಾನೂನಿಗೆ ಬಿಡುತ್ತದೆ. ಗುರಿಯನ್ನು ಕಾರ್ಖಾನೆಯೇ ಬರೆದುಕೊಳ್ಳುತ್ತದೆ. ಪರಿಶೀಲನೆಗೆ ಬರುವ ಆಡಿಟರನ ಶುಲ್ಕವನ್ನೂ ಕಾರ್ಖಾನೆಯೇ ಕಟ್ಟುತ್ತದೆ. ಸುದ್ದಿಮನೆಯಲ್ಲಿ ಯಾರಾದರೂ ಇಂಥ ಏರ್ಪಾಟನ್ನು ತಂದರೆ ನಾವು ಮೊದಲು ಬಾಗಿಲು ಮುಚ್ಚಿ ಎರಡು ಪ್ರಶ್ನೆ ಕೇಳುತ್ತೇವೆ.

ಪ್ರಮಾಣಪತ್ರ ಒಮ್ಮೆ ಬಂದರೆ ಮುಗಿಯುವುದಿಲ್ಲ, ಪ್ರತಿ ವರ್ಷ ಆಡಿಟರ್ ಬಂದು ನೋಡುತ್ತಾರೆ. ಮೊದಲ ವರ್ಷದ ಭೇಟಿಗೆ ಮುಂಚಿನ ಭಾನುವಾರ ತಂಗಿ, "ಒಂದು ಡ್ರಮ್ ರೆಡಿ ಮಾಡ್ಬೇಕು," ಎಂದು ತನಗೆ ತಾನೇ ಹೇಳಿಕೊಂಡಳು.

"ಯಾವ ಡ್ರಮ್?"

"ಲೇಬಲ್ ಇಲ್ಲದ್ದು. ಆಡಿಟರಿಗೆ."

ಕುರ್ಚಿಯಲ್ಲಿ ದಿಂಬಿಗೆ ಒರಗಿದ್ದ ಅವಳ ಗಂಡ ನಕ್ಕ. "ಮಗು ಮುದ್ದಾಗಿದ್ರೆ ಕೆನ್ನೆಗೆ ಕಪ್ಪು ಇಡಲ್ವಾ ಭಾವ, ಹಂಗೆ. ದೃಷ್ಟಿಬೊಟ್ಟು."

ತಂಗಿ ವಿವರಿಸಿದಳು. ಆಡಿಟರ್ ಏನೂ ಬರೆಯದೆ ಹೋಗುವಂತಿಲ್ಲ. ಎಲ್ಲ ಸರಿಯಿದೆ ಎಂದು ಬರೆದರೆ ನೀನು ನೋಡಿಯೇ ಇಲ್ಲ ಎಂದು ಅವರ ಕಚೇರಿಯಲ್ಲಿ ಕೇಳುತ್ತಾರೆ. ತಪ್ಪು ಸಿಗದಿದ್ದರೆ ಬೀರು ತೆಗೆಸುತ್ತಾರೆ, ಹಿತ್ತಲಿಗೆ ಹೋಗುತ್ತಾರೆ. ಆದ್ದರಿಂದ ಒಂದು ಸಣ್ಣ ತಪ್ಪನ್ನು ಕಣ್ಣಿಗೆ ಬೀಳುವಲ್ಲಿ ಇಡಬೇಕು. ಒಳಗೇನಿದೆ ಎಂದು ಚೀಟಿ ಅಂಟಿಸದ ಡ್ರಮ್ ಆದರೆ ಸಾಕು. ಅವರು ಬರೆದುಕೊಳ್ಳುತ್ತಾರೆ, ಇವರು ತಪ್ಪಾಯ್ತು ಎಂದು ಚೀಟಿ ಅಂಟಿಸುತ್ತಾರೆ.

"ಆಡಿಟರಿಗೆ ಗೊತ್ತಾಗಲ್ವಾ?"

"ಗೊತ್ತಿರ್ಬೋದು. ಅವ್ರೂ ಮನೆಗೆ ಹೋಗ್ಬೇಕಲ್ಲ ಅಣ್ಣ."

ದೃಷ್ಟಿಬೊಟ್ಟು ಇಡುವುದು ಕಣ್ಣು ಬೇರೆ ಕಡೆ ಬೀಳದಿರಲಿ ಎಂದು. ಆ ಬೇರೆ ಕಡೆ ಯಾವುದು ಎಂಬ ಪ್ರಶ್ನೆ ಅಂದಿನಿಂದ ನನ್ನ ಜತೆ ಉಳಿಯಿತು. ಆ ವರ್ಷ ಡ್ರಮ್ಮು ಉಗ್ರಾಣದ ಬಾಗಿಲಲ್ಲಿತ್ತಂತೆ. ಆಡಿಟರ್ ಅದನ್ನು ಬರೆದುಕೊಂಡು, ಊಟ ಮಾಡಿ ಹೋದರಂತೆ.

ಮರುವರ್ಷ ಬೇಸಿಗೆ ಹತ್ತಿದಾಗ ಒಂದು ಸಂಜೆ ಹಲಸೂರಿನಲ್ಲಿ ನಮ್ಮ ಕಡೆಯವರ ಮದುವೆಯ ಆರತಕ್ಷತೆ ಇತ್ತು. ತಂಗಿಯನ್ನು ಕರೆದೊಯ್ಯಲು ಕಾರ್ಖಾನೆಗೆ ಹೋದೆ. ಅವಳು ಹೊರಬರುವುದು ತಡವಾಯಿತು. ಕಾರಿನಲ್ಲಿ ಕೂರಲಾರದೆ ಕಾಂಪೌಂಡಿನ ಗೋಡೆ ಹಿಡಿದು ಹಿಂದಿನ ಗಲ್ಲಿಗೆ ನಡೆದೆ. ಅಲ್ಲಿ ಸಾಲು ಕೋಣೆಗಳ ಒಂದು ವಠಾರ. ಗೋಡೆಯ ಬುಡದಿಂದ ಹೊರಬಂದ ಚರಂಡಿಯ ಕಲ್ಲುಗಳಿಗೆ ಹಸಿರು ಬಣ್ಣ ಹಿಡಿದಿತ್ತು. ಪಾಚಿಯ ಹಸಿರಲ್ಲ, ಔಷಧದ ಬಾಟಲಿಯ ಹಸಿರು. ನಿಕ್ಕಲ್ ತೊಟ್ಟಿಗಳ ಬಣ್ಣವನ್ನು ನಾನು ತಂಗಿಯ ಫೋನಿನಲ್ಲಿ ನೋಡಿದ್ದೆ.

ಯಾದಗಿರಿ ಕಡೆಯಿಂದ ಬಂದ ಒಬ್ಬ ಹೆಂಗಸು ತನ್ನ ಕೋಣೆಯ ಮುಂದೆ ಪಾತ್ರೆ ತೊಳೆಯುತ್ತಿದ್ದಳು. ಯಾವಾಗಿನಿಂದ ಹೀಗೆ ಎಂದು ಕೇಳಿದೆ.

"ದಿನಾ ಬರಂಗಿಲ್ರೀ. ರಾತ್ರಿ ಪಾಳಿ ನಡೆದ್ರ ಬರ್ತದ. ಮುಂಜಾನಿ ಎದ್ದು ನೋಡಿದ್ರ ಹಸರ." ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. "ನೀವು ಯಾರ್ರೀ?"

ಪತ್ರಿಕೆಯವನು ಎಂದೆ.

"ಹಂಗಾರ ಪೇಪರ್‌ದಾಗ ಹಾಕ್ತೀರೇನು?"

"ನೋಡ್ತೀನಮ್ಮ."

"ನೋಡೂದು ನಾವೂ ನೋಡ್ತೀವಿ ಬಿಡ್ರೀ," ಎಂದು ಪಾತ್ರೆಗೆ ತಿರುಗಿದಳು. ಆಮೇಲೆ, ನನಗೆ ಹೇಳಿದಳೋ ಪಾತ್ರೆಗೋ ತಿಳಿಯದಂತೆ, "ರೂಮೂ ಅವರ್ದು, ಫ್ಯಾಕ್ಟರೀನೂ ಅವರ್ದು. ಯಾರ ಮುಂದ ಹೇಳೂಣ?" ಎಂದಳು.

ಹಲಸೂರಿನ ದಾರಿಯಲ್ಲಿ ತಂಗಿಯನ್ನು ಕೇಳಿದೆ. ಮೊದಲು ಅವಳು ಸೀರೆಯ ಪಿನ್ನು ಸರಿಮಾಡಿಕೊಂಡಳು.

"ಗೊತ್ತು," ಎಂದಳು. "ನೀರು ಶುದ್ಧ ಮಾಡೋ ಟ್ಯಾಂಕು ಚಿಕ್ಕದು. ರಾತ್ರಿ ತುಂಬಿದ್ರೆ ಹಳೇ ಕಾಲುವೆಗೆ ಬಿಡ್ತಾರೆ. ಸಾರ್ ಅವ್ರ ತಾತ ರಾಗಿ ಹೊಲಕ್ಕೆ ಅಂತ ತೋಡ್ಸಿದ್ದು. ಮೇಲೆ ಚಪ್ಪಡಿ ಕಲ್ಲು ಹಾಸಿದ್ದಾರೆ."

"ಮಾಲೀಕರಿಗೆ ಹೇಳಿದ್ಯಾ?"

"ಎರಡು ಸಲ. ನೀನು ಆಫೀಸ್ ಕೆಲ್ಸ ನೋಡ್ಕೋಮ್ಮ ಅಂದ್ರು."

ನೀರು ಹೊರಹೋಗುವ ದಾರಿಗಳನ್ನೆಲ್ಲ ಗುರುತಿಸಲಾಗಿದೆ ಎಂಬ ಹೇಳಿಕೆಗೆ ಸಹಿ ಯಾರದು ಎಂದು ಕೇಳಿದೆ. ಉತ್ತರ ನನಗೆ ಗೊತ್ತಿತ್ತು, ಅವಳ ಬಾಯಿಂದ ಕೇಳಬೇಕಿತ್ತು. ನಂದೇ, ಎಂದಳು. ನಾಳೆ ಸರ್ಕಾರದವರು ಹಿಡಿದರೆ ಸಿಕ್ಕಿಕೊಳ್ಳುವ ಹೆಸರು ಅವಳದು. ಬಾಯಿ ಬಿಟ್ಟರೆ ಹೋಗುವ ಕೆಲಸವೂ ಅವಳದೇ.

"ನಿನ್ ಪೇಪರಲ್ಲಿ ಬಂದ್ರೆ ಹೇಳ್ದವ್ರು ಯಾರು ಅಂತ ಸಾರ್‌ಗೆ ಯೋಚ್ನೆ ಮಾಡೋದೇ ಬೇಕಾಗಿಲ್ಲ. ಬರೀಬೇಡ."

ಬಂಧುಗಳು ಕೆಲಸ ಮಾಡುವ ಕಡೆಯ ಸುದ್ದಿಯನ್ನು ನಾವು ಬರೆಯುವಂತಿಲ್ಲ. ನಿಯಮ ನನಗೆ ಅಂದು ಅನುಕೂಲವಾಗಿಯೇ ಇತ್ತು. ಸಹೋದ್ಯೋಗಿಗೆ ದಾಟಿಸಬಹುದಿತ್ತು. ದಾಟಿಸಲಿಲ್ಲ.

ಎರಡನೆಯ ವರ್ಷದ ಆಡಿಟ್ ಬಂದದ್ದು ಅದಾದ ಕೆಲವೇ ವಾರಗಳಲ್ಲಿ. ಬೇಸಿಗೆಯ ಮಳೆ ಇನ್ನೂ ಮುಖ ತೋರಿಸಿರಲಿಲ್ಲ. ಅಂದು ಅವಳ ಸ್ಕೂಟರ್ ಗ್ಯಾರೇಜಿನಲ್ಲಿತ್ತು, ಸಂಜೆ ಕರೆತರಲು ನಾನೇ ಹೋದೆ. ಗೇಟಿನಲ್ಲಿ ಮಾಲೀಕರು ನಿಂತಿದ್ದರು. ಬಿಳಿ ಪಂಚೆಯುಟ್ಟ, ಸಿಟ್ಟನ್ನೂ ಉಪಚಾರದ ಧ್ವನಿಯಲ್ಲೇ ಆಡುವ ಹಿರಿಯರು. ತಂಗಿ ಊಟದ ಡಬ್ಬಿಯ ಚೀಲ ಹಿಡಿದು ಅವರ ಪಕ್ಕದಲ್ಲಿ ತಲೆ ತಗ್ಗಿಸಿದ್ದಳು.

"ಬನ್ನಿ ಸಾರ್, ನಿಮ್ ತಂಗಿ ಮಾಡಿರೋ ಕೆಲ್ಸ ಕೇಳಿ," ಎಂದರು. "ಇಷ್ಟು ದೊಡ್ಡ ಕಾಂಪೌಂಡು. ಡ್ರಮ್ಮು ಇಡಮ್ಮ ಅಂದ್ರೆ ತಗೊಂಡೋಗಿ ಹಿಂದ್ಗಡೆ ಆ ಚಪ್ಪಡಿ ಮೇಲೇ ಇಟ್ಟವ್ಳೆ."

"ಏನಾಯ್ತು?"

"ಆಡಿಟರ್ ದೂರದಿಂದ್ಲೇ ಡ್ರಮ್ ನೋಡಿ ಖುಷಿಯಾಗಿ ಬಂದ. ಲೇಬಲ್ ಇಲ್ಲ ಅಂದ. ತಪ್ಪಾಯ್ತು ಅಂದ್ವಿ. ಸೋರ್ತಾ ಇದ್ಯಾ, ಸರಿಸಿ ನೋಡೋಣ ಅಂದ. ಸರಿಸಿದ್ರೆ ಕಲ್ಲಿನ ಸಂದಿ ಒದ್ದೆ, ಹಸ್ರು. ಮಳೆನೀರಿನ ಕಾಲುವೆ ಸಾರ್ ಅಂದೆ. ಮಳೆ ಯಾವಾಗ ಬಂತು ಅಂದ."

"ನೀವೇನಂದ್ರಿ?"

"ಏನನ್ಲಿ? ನೆತ್ತಿ ಸುಡೋ ಬಿಸ್ಲು. ಅವ್ನ ತಲೆ ಮೇಲೆ ಕರ್ಚೀಫ್ ಇತ್ತು."

ಆಡಿಟರ್ ಚಪ್ಪಡಿ ಎತ್ತಿಸಿದ್ದರು. ದೊಡ್ಡ ದೋಷವೆಂದು ಬರೆದಿದ್ದರು. ಕಾಲುವೆ ಮುಚ್ಚಿ, ಹೆಚ್ಚಿನ ನೀರಿಗೆ ಬೇರೆ ವ್ಯವಸ್ಥೆ ಮಾಡಿ ತೋರಿಸುವವರೆಗೆ ಪ್ರಮಾಣಪತ್ರ ಅಮಾನತಿನಲ್ಲಿರುತ್ತದೆ. ಅದಿಲ್ಲದೆ ವೈಟ್‌ಫೀಲ್ಡಿನ ಆರ್ಡರ್ ಇಲ್ಲ.

ಕೆಲಸದಿಂದ ತೆಗೆಯುತ್ತೀರಾ ಎಂದು ನೇರವಾಗಿ ಕೇಳಿದೆ. ತಂಗಿ ತಲೆಯೆತ್ತಲಿಲ್ಲ, ಚೀಲದ ಹಿಡಿಕೆಯನ್ನು ಕೈಗೆ ಇನ್ನೊಂದು ಸುತ್ತು ಸುತ್ತಿಕೊಂಡಳು.

"ತೆಗ್ದು? ಆಡಿಟರ್ ಮತ್ತೆ ಬರ್ತಾನಲ್ಲ, ಅವ್ನ ಭಾಷೆ ಮಾತಾಡೋರು ಇಲ್ಲಿ ಇನ್ಯಾರಿದ್ದಾರೆ? ಒಳ್ಳೆ ಹುಡ್ಗಿ ಸಾರ್. ಓದವ್ಳೆ. ಲೋಕಜ್ಞಾನ ಒಂದಿಲ್ಲ." ಅವಳ ಕಡೆ ತಿರುಗಿದರು. "ಬೊಟ್ಟಿಡಕ್ಕೂ ಬರಲ್ವಲ್ಲಮ್ಮ ನಿಂಗೆ."

"ಗೊತ್ತಾಗ್ಲಿಲ್ಲ ಸಾರ್," ಎಂದಳು ತಂಗಿ.

ಮನೆಗೆ ಹೊರಟಾಗ ಕೆ.ಆರ್. ಪುರದ ತೂಗುಸೇತುವೆಯ ಬಳಿ ವಾಹನಗಳು ಎಂದಿನಂತೆ ಕಟ್ಟಿಕೊಂಡಿದ್ದವು. ಡ್ರಮ್ಮನ್ನು ಅಲ್ಲಿ ಯಾಕಿಟ್ಟೆ ಎಂದು ಕೇಳಿದೆ.

"ಅಲ್ಲಿ ನೆರಳಿತ್ತು. ಕೆಮಿಕಲ್ ಡ್ರಮ್ಮನ್ನ ಬಿಸ್ಲಲ್ಲಿ ಇಡ್ಬಾರ್ದು."

"ನನ್ ಹತ್ರಾನೂ ಅದೇ ಹೇಳ್ತೀಯಾ?"

"ಮುಂದಿನ ಗಾಡಿ ಹೋಯ್ತು ನೋಡು. ನಡಿ."

ಬಾಣಸವಾಡಿ ದಾಟಿ ಮನೆ ಮುಟ್ಟುವವರೆಗೆ ಅವಳು ಗಂಡನ ಮಾತ್ರೆಗಳ ವಿಷಯ ಮಾತಾಡಿದಳು.

ಒಂದೇ ಮೂಲದ ಮಾತನ್ನು ಹಾಗೇ ನಂಬಬಾರದು ಎಂದು ಕಿರಿಯರಿಗೆ ಹೇಳಿಕೊಡುವವನು ನಾನು. ಒಂದು ತಿಂಗಳ ನಂತರ, ಕೆ.ಆರ್. ಪುರದಲ್ಲಿ ಬೇರೆ ಕೆಲಸವಿದ್ದ ದಿನ, ನಡುಮಧ್ಯಾಹ್ನ ಆ ಗಲ್ಲಿಗೆ ಹೋದೆ. ಅದೇ ಹೆಂಗಸು ಇದ್ದಳು. ವಠಾರದ ತಾರಸಿಗೆ ಹತ್ತಿ ನೋಡಲೇ ಎಂದರೆ, ಒಣಗಿಸಿದ ಮೆಣಸಿನಕಾಯಿ ತುಳಿಯಬೇಡಿ ಎಂದಳು. ಮೇಲಿನಿಂದ ಕಾರ್ಖಾನೆಯ ಅಂಗಳವೆಲ್ಲ ಕಾಣುತ್ತಿತ್ತು. ಹಿಂದಿನ ಮೂಲೆಯ ಚಪ್ಪಡಿಗೆ ಹೊಸ ಸಿಮೆಂಟು ಮೆತ್ತಿದ್ದರು. ಸುತ್ತ ಒಂದು ಗಿಡವಿಲ್ಲ, ಮೇಲೊಂದು ಶೀಟಿಲ್ಲ. ಇಡೀ ಕಾಂಪೌಂಡಿಗೆ ಇದ್ದ ಒಂದೇ ಹೊಂಗೆ ಮರ ಮುಂದಿನ ಗೇಟಿನ ಬಳಿ ಇತ್ತು. ಮೂಲೆಯಲ್ಲಿ ಬೆಳಿಗ್ಗೆಯೋ ಸಂಜೆಯೋ ಗೋಡೆಯ ನೆರಳು ಬೀಳಬಹುದು ಎಂಬ ಸಂಶಯದ ಲಾಭವನ್ನು ಅವಳಿಗೆ ಕೊಟ್ಟೆ. ಆದರೆ ಅದು ಆಳೆತ್ತರವೂ ಇಲ್ಲದ ಗೋಡೆ.

ಕೆಳಗಿಳಿದಾಗ ಹೆಂಗಸು, "ಈಗ ಹಸರ ಬರಂಗಿಲ್ರೀ," ಎಂದಳು.

"ಒಳ್ಳೇದಾಯ್ತಲ್ಲ."

"ನಮಗ ಒಳ್ಳೇದಾತು. ಈಗ ಟ್ಯಾಂಕರ್ ಬಂದು ತುಂಬ್ಕೊಂಡು ಹೋಗ್ತದ. ಅದು ಎಲ್ಲಿ ಚೆಲ್ತದೋ, ಅಲ್ಲಿಯವ್ರು ನಿಮ್ಮನ್ನ ಕೇಳ್ತಾರ ಬಿಡ್ರೀ."

ತಂಗಿಯನ್ನು ಕೇಳಿದೆ. ಹಲವು ಕಾರ್ಖಾನೆಗಳಿಗೆ ಸೇರಿದ ಶುದ್ಧೀಕರಣ ಘಟಕಕ್ಕೆ ಹೋಗುತ್ತದೆ, ಅಲ್ಲಿಂದ ರಸೀದಿ ಬರುತ್ತದೆ ಎಂದಳು. ರಸೀದಿ ಬರುವುದು ಸರಿ, ಟ್ಯಾಂಕರ್ ಅಲ್ಲಿಗೆ ಮುಟ್ಟುತ್ತದೆಯೇ ಎಂದೆ. ಟ್ಯಾಂಕರಿನ ಹಿಂದೆ ಹೋಗಿ ನೋಡಿದವರು ಯಾರೂ ಇರಲಿಲ್ಲ. ಪ್ರಮಾಣಪತ್ರ ಮತ್ತೆ ಗೋಡೆಗೆ ಬಂದಿತ್ತು. ರಸೀದಿಗಳನ್ನು ಫೈಲಿಗೆ ಹಾಕಿ ಸಹಿ ಮಾಡುವವಳು ಅವಳೇ.

ಮೊನ್ನೆ ಭಾನುವಾರ ಮತ್ತೆ ಊಟಕ್ಕೆ ಹೋಗಿದ್ದೆ. ಈ ವರ್ಷದ ಆಡಿಟ್ ಹತ್ತಿರವಾಗಿದೆ. ಕಾಫಿ ತಂದಿಟ್ಟು ತಂಗಿ, "ಈ ಸಲ ಡ್ರಮ್ಮಿನ ಜಾಗ ಸಾರೇ ತೋರ್ಸಿದ್ದಾರೆ," ಎಂದಳು. "ಮುಂದ್ಗಡೆ, ಹೊಂಗೆ ಮರದ ಕೆಳಗೆ. ಅಲ್ಲಿ ಕೆಳಗೆ ಏನೂ ಇಲ್ಲ ಅಂತ ಅಗೆಸಿ ಬೇರೆ ನೋಡ್ಸಿದ್ರು."

ಅವಳ ಗಂಡ, "ಅಲ್ಲಿ ನಿಜವಾಗ್ಲೂ ನೆರಳಿದೆ," ಎಂದು ನನ್ನ ಕಡೆ ನೋಡದೆ ಹೇಳಿದ.

ನಾನು ಕೇಳಿದೆ. "ಟ್ಯಾಂಕರ್ ಎಲ್ಲಿ ನಿಲ್ಲುತ್ತೆ?"

"ಅಲ್ಲೇ. ಡ್ರಮ್ ಇದ್ರೆ ಗಾಡಿ ಒಳಗೆ ತಿರುಗಲ್ಲ. ಯಾರಾದ್ರೂ ಬಂದು ಸರಿಸೋವರ್ಗೂ ಡ್ರೈವರ್ ಡ್ರಮ್ಮಿನ ಪಕ್ಕಾನೇ ಕಾಯ್ಬೇಕು."

"ಆಡಿಟ್ ದಿನ ಟ್ಯಾಂಕರ್ ಬರುತ್ತಾ?"

"ಫೋನ್ ಮಾಡಿ ಕರೆಯೋದು ನಾನೇ ಅಣ್ಣ," ಎಂದಳು. "ಕಾಫಿ ಆರ್ತಿದೆ, ಕುಡಿ."