ಅರ್ಧ ಹೇಳಿದ ಕುರಿಗಳು

ಆ ಲೆಕ್ಕ ಸುಳ್ಳೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ನನ್ನ ಗೆಳೆಯ ದೋರ್ಜಿಗೆ ಸರಿಯಿದೆ ಎಂದು ಬರೆದೆ. ಇಷ್ಟನ್ನು ಒಪ್ಪಿಕೊಳ್ಳಲು ನಲವತ್ತು ವರ್ಷ ಬೇಕಾಯಿತು — ಅದೂ, ಗೆದ್ದ ಕಥೆಯನ್ನು ಊರೂರಲ್ಲಿ ಹೇಳಿ ಹಾರ ಹಾಕಿಸಿಕೊಂಡ ಮೇಲೆ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ದಿನಗಳು. ನಾನು ಕಾಲೇಜಿನಲ್ಲಿ ಅರ್ಥಶಾಸ್ತ್ರದ ಮೇಷ್ಟ್ರು. ದೋರ್ಜಿ ಹಿಮಾಲಯದ ಮಗ್ಗುಲಿನ ಒಂದು ಪುಟ್ಟ ದೇಶದ ವಿದ್ವಾಂಸ. ಇಬ್ಬರೂ ಸೇರಿ ಒಂದೇ ಪ್ರಶ್ನೆ ಹಿಡಿದಿದ್ದೆವು: ಕುರಿಗಾರರು ವರ್ಷಕ್ಕೊಮ್ಮೆ ಮಂದೆ ಹೊಡೆದುಕೊಂಡು ಬೇರೆ ಸೀಮೆಗೆ ಹೋಗುವುದರಿಂದ ನೆಲಕ್ಕೆ ಕೇಡೋ, ಲಾಭವೋ? ಅವನ ಸೀಮೆಯ ಕುರಿಗಳು ದೇಶದ ಗಡಿ ದಾಟುತ್ತಿದ್ದವು. ನಮ್ಮವು ಜಗಳೂರಿನಿಂದ ಹೊರಟು ಹೊನ್ನಾಳಿ, ನ್ಯಾಮತಿಯ ಗದ್ದೆಗಳಿಗೆ ಬರುತ್ತಿದ್ದವು. ಕೊಯ್ಲಾದ ಗದ್ದೆಯಲ್ಲಿ ಮಂದೆ ತಂಗಿದರೆ ನೆಲಕ್ಕೆ ಗೊಬ್ಬರ, ಕುರಿಗಾರನಿಗೆ ಭತ್ತ. ಅಲ್ಲೇ ಸಾಸ್ವೆಹಳ್ಳಿಯಲ್ಲಿದ್ದ ನನ್ನ ಅಪ್ಪನ ಗದ್ದೆಯೂ ಆ ಗೊಬ್ಬರ ಉಂಡದ್ದೇ. ಕುರಿಗಳು ಕಾಡಂಚನ್ನೆಲ್ಲ ಮೇಯ್ದು ಬೋಳು ಮಾಡುತ್ತವೆಂದು ಅಧಿಕಾರಿಗಳು ಆ ದಾರಿ ಮುಚ್ಚಲು ಹೊರಟಿದ್ದರು. ನಮ್ಮ ವರದಿ ಬರಲೆಂದು ಕಾದಿದ್ದರು.

ಅಚ್ಚು ಹಾಕಿಸಿದ ಪ್ರಶ್ನಾವಳಿ ಹಿಡಿದು ಜಗಳೂರಿನ ಹಟ್ಟಿಗಳಲ್ಲಿ "ನಿಮ್ಮ ಕುರಿ ಎಷ್ಟು?" ಎಂದು ಕೇಳುತ್ತ ತಿರುಗಿದೆ. ಹೇಳಿದ್ದನ್ನು ಬರೆದುಕೊಂಡೆ. ಆ ಲೆಕ್ಕದಿಂದ ದೋರ್ಜಿ ಚೆಂದದ ಕೋಷ್ಟಕ ಮಾಡಿದ — ಒಂದು ಸಂಸಾರ ಇಷ್ಟು ಕುರಿಗಳಲ್ಲಿ ಬದುಕುತ್ತದೆ ಎಂದು.

ವರದಿ ಕಳಿಸಿದ ವಾರದಲ್ಲೇ ಜಗಳೂರಿನ ಹಿರಿಯ ಕುರಿಗಾರ ಕರಿಯಜ್ಜನ ಮಂದೆ ನಮ್ಮ ಗದ್ದೆಯಲ್ಲಿ ತಂಗಿತು. ಬೆಳಿಗ್ಗೆ ಮಂದೆಯ ಸುತ್ತ ಕಟ್ಟಿದ್ದ ಬಲೆ ಬಿಚ್ಚಿ ಕುರಿಗಳನ್ನು ಹೊರಗೆ ಬಿಡುವಾಗ ಸುಮ್ಮನೆ ಎಣಿಸುತ್ತ ನಿಂತೆ. ನನ್ನ ಹಾಳೆಯಲ್ಲಿದ್ದ ಸಂಖ್ಯೆ ಮುಗಿಯಿತು, ಕುರಿ ಮುಗಿಯಲಿಲ್ಲ. ಏನಜ್ಜಾ ಇದು ಎಂದೆ.

"ಕುರಿ ಎಣಿಸಿ ಬಾಯಿಬಿಟ್ಟು ಹೇಳಾಕೆ ಆಗ್ತೈತೇನ್ರೀ ಮೇಷ್ಟ್ರೇ? ಮಂದೆಗೆ ದೃಷ್ಟಿ ತಗಲ್ತೈತೆ. ಅರ್ಧ ಹೇಳೀವಿ, ಅರ್ಧ ದೇವ್ರಿಗೆ ಬಿಟ್ಟೀವಿ. ಹೊನ್ನಾಳಿ ಸೀಮೆಯೋರು ನೀವು, ನಿಮಗೆ ಗೊತ್ತಿಲ್ಲೇನು?"

ಗೊತ್ತಿತ್ತು. ಚಿಕ್ಕಂದಿನಿಂದ ಕೇಳಿದ ಮಾತೇ. ಆದರೆ ಪ್ರಶ್ನಾವಳಿ ಕೈಗೆ ಬಂದೊಡನೆ ನಾನು ಈ ಊರಿನವನೆಂಬುದನ್ನೇ ಮರೆತಿದ್ದೆ. ಓದಿದವನ ಬುದ್ಧಿ!

ಆಗಲೇ ತಿದ್ದಬಹುದಿತ್ತು. ತಿದ್ದಲಿಲ್ಲ. ಚನ್ನಗಿರಿಯ ಪ್ರವಾಸಿ ಮಂದಿರದಲ್ಲಿ ಎರಡು ಜಿಲ್ಲೆಗಳ ಅಧಿಕಾರಿಗಳ ಎದುರು ಅದೇ ಹಾಳೆ ಹಿಡಿದು ಎದ್ದು ನಿಂತೆ — ಇಷ್ಟೇ ಇಷ್ಟು ಕುರಿ, ಇವು ಕಾಡು ಮುಗಿಸಿಯಾವೇ? ಅಬ್ಬಾ, ಆ ದಿನ ನನ್ನ ಬಾಯಲ್ಲಿ ಎಂಥೆಂಥ ಮಾತು ಬಂದವು! ದಾರಿ ಉಳಿಯಿತು. ನ್ಯಾಮತಿಯ ಬಸ್‌ಸ್ಟ್ಯಾಂಡಿನಲ್ಲಿ ಕುರಿಗಾರರು ಡೊಳ್ಳು ಬಾರಿಸಿ ನನ್ನನ್ನು ಹೆಗಲ ಮೇಲೆ ಹೊತ್ತು ಕುಣಿದರು. ಕರಿಯಜ್ಜ ಎರಡು ಕಂಬಳಿ ತಂದಿದ್ದ.

"ಒಂದು ನಿಮಗೆ, ಒಂದು ಆ ಬೆಟ್ಟದ ಸಾಹೇಬ್ರಿಗೆ. ಅವ್ರೂ ನಮ್ಮೋರೇ ಅಲ್ಲೇನ್ರೀ?"

ಅಂಥ ಸಂತೋಷವನ್ನು ನಾನು ಮತ್ತೆ ಕಂಡಿಲ್ಲ.

ಕಂಬಳಿ ಅಂಚೆಗೆ ಹಾಕುವ ಮೊದಲೇ ದೋರ್ಜಿಯ ಪತ್ರ ಬಂತು. ನಮ್ಮ ಕೋಷ್ಟಕ ಅವನ ದೇಶದ ಅಧಿಕಾರಿಗಳ ಕೈ ಸೇರಿತ್ತು. ಜಗಳೂರಿನವರು ಇಷ್ಟರಲ್ಲಿ ಬದುಕುವುದಾದರೆ ನಿಮ್ಮವರಿಗೇಕೆ ಹೆಚ್ಚು ಎಂದು ಅವರು ಮಂದೆಗೆ ಮಿತಿ ಹಾಕಲು ಹೊರಟಿದ್ದರು. "ನಿನ್ನ ಲೆಕ್ಕ ಸರಿಯಿದೆ ತಾನೆ?" ಎಂದು ಕೇಳಿದ್ದ.

ನಿಜ ಬರೆದರೆ ನಮ್ಮ ದಾರಿಗೇ ಸಂಚಕಾರ. ಹಟ್ಟಿಯ ಮುಖಗಳು, ಅಪ್ಪನ ಗದ್ದೆ, ಜೊತೆಗೆ — ಮುಚ್ಚಿಡುವುದೇಕೆ — ನನ್ನ ಕೊರಳಿನ ಹಾರ... ಒಂದೇ ಸಾಲು ಬರೆದೆ: "ಲೆಕ್ಕ ಸರಿಯಿದೆ."

ಅವನು ನಂಬಿದ. ಅಲ್ಲಿ ಮಿತಿ ಮೀರಿದ ಮಂದೆಗಳನ್ನು ಗಡಿಯಿಂದಲೇ ಹಿಂದಕ್ಕೆ ಅಟ್ಟಿದರು. ತನ್ನ ಸೋದರಮಾವ ಕುರಿ ಬಿಟ್ಟು ಕೂಲಿಗೆ ಹೋದನೆಂದು ದೋರ್ಜಿ ಬರೆದ. ನನ್ನ ಮೇಲೆ ಒಂದೂ ಬಿರುಸು ಮಾತಿರಲಿಲ್ಲ. ಅವನಿಗೆಂದು ಕೊಟ್ಟಿದ್ದ ಕಂಬಳಿಯನ್ನು ಆ ಪತ್ರದ ಜೊತೆ ಪೆಟ್ಟಿಗೆಯ ತಳಕ್ಕೆ ತಳ್ಳಿದೆ.

ಕುರಿಗಳು ಇಂದಿಗೂ ಬರುತ್ತವೆ. ಬದುವಿನ ಮೇಲೆ ನಿಂತು ನೋಡುವಾಗ ಇಂದಿಗೂ ಎದೆ ಉಬ್ಬುತ್ತದೆ. ಇಲ್ಲವೆಂದರೆ ಅದು ಇನ್ನೊಂದು ಸುಳ್ಳು. ಆದರೆ ಮೊನ್ನೆ ಅಲ್ಲೇ ನಿಂತಿದ್ದಾಗ ಹೊಳೆಯಿತು — ನಿಜ ಹೇಳಿಯೇ ಗೆಲ್ಲಬಹುದಿತ್ತು. ಹೇಳಿದ್ದರ ಎರಡು ಪಟ್ಟು ಕುರಿ ತಲೆಮಾರುಗಳಿಂದ ನಡೆದೂ ಆ ಕಾಡು ಹಸಿರಾಗಿಯೇ ನಿಂತಿತ್ತಲ್ಲ! ಇಬ್ಬರ ದಾರಿಯೂ ಉಳಿಯಬಹುದಿತ್ತು.

ಇಂದು ಪೆಟ್ಟಿಗೆಯಿಂದ ಆ ಎರಡನೆಯ ಕಂಬಳಿ ತೆಗೆದು ಪಾರ್ಸೆಲ್ ಹೊಲಿದಿದ್ದೇನೆ. ಒಳಗೊಂದು ಪತ್ರವಿದೆ. ದೋರ್ಜಿ ಇದ್ದಾನೋ ಇಲ್ಲವೋ — ಅವನ ಮಕ್ಕಳಾದರೂ ಓದಲಿ. ಅದರಲ್ಲೂ ಒಂದೇ ಸಾಲು: "ಲೆಕ್ಕ ಸುಳ್ಳು, ನನಗೆ ಗೊತ್ತಿತ್ತು."