ಹಸಿರೆಲೆಯ ಬಾಗಿಲನ್ನು ತಟ್ಟುವ ಮೂಲೆಯಕ್ಕ

ಬೆಳಗಿನ ಐದೂಮುಕ್ಕಾಲು. ಹೋಟೆಲಿನ ನೆಲಮಾಳಿಗೆಯಲ್ಲಿ ಟ್ಯೂಬ್‌ಲೈಟು ಎರಡು ಸಲ ಕಣ್ಣು ಮಿಟುಕಿಸಿ ಹೊತ್ತಿಕೊಳ್ಳುತ್ತದೆ. ಮೂಲೆಯಕ್ಕ ಚಪ್ಪಲಿ ಬಿಟ್ಟು ಕ್ಯಾನ್ವಾಸ್ ಬೂಟಿಗೆ ಕಾಲು ತೂರಿಸುತ್ತಾರೆ, ನೀಲಿ ಏಪ್ರನ್ನಿನ ದಾರವನ್ನು ಬೆನ್ನ ಹಿಂದೆ ಎರಡು ಗಂಟು ಹಾಕುತ್ತಾರೆ, ತಳ್ಳುಗಾಡಿಯಲ್ಲಿ ಬಟ್ಟೆ ಪೇರಿಸುತ್ತಾರೆ. ಕೆಳಗೆ ಹಾಸುಗಳು, ಮೇಲೆ ದಿಂಬಿನ ಗೌಸು, ಪಕ್ಕದಲ್ಲಿ ಟವೆಲು. ಆಮೇಲೆ ಗೋಡೆಯ ಮೊಳೆಗೆ ನೇತುಹಾಕಿದ ಹೋಟೆಲಿನ ಫೋನನ್ನು ತೆಗೆದು ತೋಳುದ್ದ ದೂರ ಹಿಡಿಯುತ್ತಾರೆ. ಕನ್ನಡಕ ಇವತ್ತೂ ಮನೆಯಲ್ಲೇ ಉಳಿದಿದೆ. ಪರದೆಯ ಮೇಲೆ ನಾಲ್ಕನೇ ಮಹಡಿಯ ಇಪ್ಪತ್ತೆರಡು ಕೋಣೆಗಳು ಪುಟ್ಟ ಚೌಕಗಳಾಗಿ ಮೂಡುತ್ತವೆ. ಅವುಗಳಲ್ಲಿ ಹದಿಮೂರರ ಮೇಲೆ ಹಸಿರು ಎಲೆಯ ಗುರುತು.

ಎಲೆ ಅಂದರೆ ಒಳಗೆ ಹೋಗಬೇಡಿ ಎಂದರ್ಥ. ಅತಿಥಿ ತನ್ನ ಫೋನಿನಲ್ಲಿ ಎಲೆಯನ್ನು ಒತ್ತಿದರೆ ಆ ದಿನ ಕೋಣೆ ಗುಡಿಸುವುದಿಲ್ಲ, ಹಾಸು ಬದಲಿಸುವುದಿಲ್ಲ. ಅಷ್ಟು ನೀರು ಉಳಿಯಿತು, ಅಷ್ಟು ಸೋಪಿನ ನೊರೆ ಮೋರಿ ಸೇರುವುದು ತಪ್ಪಿತು. ಪ್ರತಿಯಾಗಿ ಹೋಟೆಲಿನವರು ಎಲ್ಲೋ ಒಂದು ಗಿಡ ನೆಡುತ್ತಾರೆ. ಎಲೆಯಿರುವ ಬಾಗಿಲನ್ನು ಕೆಲಸದವರು ತೆಗೆಯುವಂತಿಲ್ಲ, ತಟ್ಟುವಂತೆಯೂ ಇಲ್ಲ.

ಮೂಲೆಯಕ್ಕ ತಟ್ಟುತ್ತಾರೆ. ಅದಕ್ಕೇ ಅವರ ಏಪ್ರನ್ನಿನ ಜೇಬಿನಲ್ಲಿ ಹೋಟೆಲಿನವರು ಕೊಟ್ಟ ಒಂದು ಕಾಗದವಿದೆ. ‘ಇನ್ನು ಮುಂದೆ ಎಲೆ ಗುರುತಿನ ಬಾಗಿಲನ್ನು ತಟ್ಟುವುದಿಲ್ಲ’ ಎಂದು ಅದರಲ್ಲಿ ಅಚ್ಚಾಗಿದೆ. ಇವತ್ತು ಶನಿವಾರ. ಮಧ್ಯಾಹ್ನ ಎರಡು ಗಂಟೆಯೊಳಗೆ ಅದಕ್ಕೆ ಸಹಿ ಹಾಕಬೇಕು. ಹಾಕದಿದ್ದರೆ ಸೋಮವಾರದಿಂದ ಇಪ್ಪತ್ತೊಂದು ವರ್ಷ ನೋಡಿಕೊಂಡ ಮಹಡಿ ಅವರದಲ್ಲ. ನೆಲಮಾಳಿಗೆಯ ಲಾಂಡ್ರಿಗೆ ಇಳಿಯಬೇಕು.

ಮೊದಲ ಎಲೆ ನಾನೂರ ಮೂರು. ಎರಡು ಬೆರಳ ಗೆಣ್ಣಿನಿಂದ ಮೆಲ್ಲಗೆ ಎರಡೇ ಸಲ ತಟ್ಟಿ, ಬಾಗಿಲಿಗೆ ಬಾಯಿ ಹತ್ತಿರ ತಂದು ಹೇಳುತ್ತಾರೆ: “ಒಳಗೆ ಬರಲ್ಲಪ್ಪಾ. ಹುಷಾರಾಗಿದ್ದೀರಾ ಅಂತ ಕೇಳೋಕೆ ಬಂದೆ, ಅಷ್ಟೆ.”

ಬಾಗಿಲು ಅರ್ಧ ತೆರೆಯುತ್ತದೆ. ಬಾಯಲ್ಲಿ ಬಿದಿರಿನ ಬ್ರಷ್ಷು ಕಚ್ಚಿಕೊಂಡ ಯುವಕ. “ಆಂಟೀ, ನಮ್ಮಮ್ಮನೂ ನನ್ನನ್ನ ದಿನಾ ಹೀಗೆ ವಿಚಾರಿಸಲ್ಲ.”

“ಹಾಗಾದ್ರೆ ನೀನೇ ಅವರಿಗೆ ಫೋನ್ ಮಾಡು. ಕೈಯಲ್ಲೇ ಇದೆಯಲ್ಲ,” ಎಂದು ಗಾಡಿ ತಳ್ಳುತ್ತಾರೆ.

ಮಂಚದ ನಾಲ್ಕು ಮೂಲೆಗಳಲ್ಲಿ ಹಾಸನ್ನು ಲಕೋಟೆಯ ಹಾಗೆ ಮಡಿಸಿ ಒಳಗೆ ತುರುಕುವ ಕೈ ಅವರದು. ಕೋಣೆಯ ಮೂಲೆಯಲ್ಲಿ ಒಂದು ಕೂದಲೆಳೆ ಬಿದ್ದಿದ್ದರೂ ಕಣ್ಣು ಅಲ್ಲಿಗೇ ಹೋಗುತ್ತದೆ. ಹಾಗಾಗಿ ಜೊತೆಯವರು ಇಟ್ಟ ಹೆಸರು ಮೂಲೆಯಕ್ಕ. ವಯಸ್ಸು ಐವತ್ತಮೂರು. ಗಂಡ ಗೋದಾಮೊಂದರ ಕಾವಲುಗಾರ, ಮಗಳು ಕಾಲೇಜಿನ ಕೊನೆಯ ವರ್ಷದಲ್ಲಿದ್ದಾಳೆ. ಎರಡು ಕೋಣೆಯ ಬಾಡಿಗೆ ಮನೆಗೆ ದಿನ ಬಿಟ್ಟು ದಿನ ನೀರು ಬರುತ್ತದೆ. ಬಂದ ದಿನ ಕೊಡ, ಬಕೆಟ್ಟು, ಕುಕ್ಕರಿನ ತನಕ ಎಲ್ಲವೂ ತುಂಬಿ ಕೂರುತ್ತವೆ. “ನೀರಿನ ಬೆಲೆ ನನಗೆ ಹೇಳ್ಕೊಡಬೇಕಾ?” ಎನ್ನುತ್ತಾರೆ. “ಎಲೆ ಬಂದಾಗ ಎಲ್ಲರಿಗಿಂತ ಮೊದಲು ಖುಷಿಪಟ್ಟೋಳು ನಾನು. ಒಂದೇ ಒಂದು ರಾತ್ರಿ ಮಲಗಿದ ಹಾಸನ್ನ ಒಗೆಯೋಕೆ ಹಾಕ್ತಿದ್ದೆವಲ್ಲ, ಹೊಟ್ಟೆ ಉರೀತಿತ್ತು.”

ಎಲೆ ಬಂದ ಮೇಲೆ ಕೆಲಸ ಹಗುರವಾಯಿತೆಂದು ಯಾರಾದರೂ ತಿಳಿದರೆ ಮೂಲೆಯಕ್ಕ ನಗುತ್ತಾರೆ. ದಿನಾ ಗುಡಿಸುವ ಕೋಣೆಗೆ ಇಪ್ಪತ್ತೈದು ನಿಮಿಷ ಸಾಕು. ಐದು ದಿನ ಎಲೆ ಹೊತ್ತು ಕುಳಿತ ಕೋಣೆ ಖಾಲಿಯಾದಾಗ ಒಂದು ಗಂಟೆ ಹಿಡಿಯುತ್ತದೆ: ಪಾಚಿ ಕಟ್ಟಿದ ಬಚ್ಚಲು, ಅಂಟಿಕೊಂಡ ಲೋಟ, ಮಂಚದಡಿಯ ಕಸ. ಫೋನು ಮಾತ್ರ ಎರಡಕ್ಕೂ ಇಪ್ಪತ್ತೈದೇ ನಿಮಿಷ ಕೊಡುತ್ತದೆ. ಮೊದಲು ನಾಲ್ಕನೇ ಮಹಡಿಗೆ ಮೂವರಿದ್ದರು. ಈಗ ಇವರೊಬ್ಬರೇ. ಆದರೂ ಈ ಯಾವುದಕ್ಕೂ ಅವರು ತಕರಾರು ಮಾಡಿದವರಲ್ಲ. ಬೆನ್ನಿಗೆ ಮುಲಾಮು ಹಚ್ಚಿಕೊಂಡು ಮಾರನೆಯ ದಿನ ಬಂದರು.

ಹಿಂದಿನ ವರ್ಷ ನಾನೂರ ಹನ್ನೆರಡಕ್ಕೆ ಒಬ್ಬ ಟೀಚರಮ್ಮ ಬಂದಿದ್ದರು. ಶಾಲೆಯಲ್ಲಿ ಭೂಗೋಳ ಕಲಿಸಿ ನಿವೃತ್ತರಾದವರು, ಒಬ್ಬರೇ. ವಿಮಾನದ ಹೊಗೆ ಬೇಡವೆಂದು ಎರಡು ರಾತ್ರಿ ರೈಲಿನಲ್ಲಿ ಕೂತು ಬಂದಿದ್ದರು. ಜೊತೆಗೆ ಸ್ವಂತ ಲೋಟ, ತಗಡಿನ ಡಬ್ಬಿಯಲ್ಲಿ ಸ್ವಂತ ಸಾಬೂನು. ಕೋಣೆ ಕಾದಿರಿಸಿದ್ದು ಫೋನಿನಲ್ಲಿ, ಬಾಗಿಲು ತೆರೆದದ್ದೂ ಫೋನಿನಲ್ಲೇ. ಕೌಂಟರಿನಲ್ಲಿ ಯಾರೂ ಅವರ ಮುಖ ನೋಡಿರಲಿಲ್ಲ. ಕಂಡದ್ದು ಮೂಲೆಯಕ್ಕ ಒಬ್ಬರೇ, ಅದೂ ಮೊದಲ ದಿನ ಟವೆಲು ಕೊಡಲು ಹೋದಾಗ. ಬಚ್ಚಲಿನ ನಲ್ಲಿ ತೊಟ್ಟಿಕ್ಕುತ್ತಿದೆ ಎಂದು ಟೀಚರಮ್ಮ ಕರೆದು ತೋರಿಸಿದರು. ಕೆಳಗೆ ತಮ್ಮ ಲೋಟ ಇಟ್ಟಿದ್ದರು. ಆ ನೀರನ್ನು ಕಿಟಕಿಯ ಗಿಡಕ್ಕೆ ಹಾಕುತ್ತೇನೆ ಎಂದರು.

“ಎಷ್ಟು ದಿನ ಇರ್ತೀರಿ ಅಮ್ಮಾ?” ಎಂದು ಕೇಳಿದ್ದಕ್ಕೆ ನಕ್ಕು, “ನಾಲ್ಕು ದಿನ. ಬಂದಿದ್ದೂ ಗೊತ್ತಾಗಬಾರದು, ಹೋಗಿದ್ದೂ ಗೊತ್ತಾಗಬಾರದು, ಹಾಗಿದ್ದು ಹೋಗ್ತೀನಿ,” ಎಂದಿದ್ದರು. ನಾಲ್ಕೂ ದಿನಕ್ಕೆ ಎಲೆ ಒತ್ತಿದ್ದರು.

ಮೂರನೆಯ ದಿನ ಬೆಳಿಗ್ಗೆ ಆ ಬಾಗಿಲ ಮುಂದೆ ಹಾಯುವಾಗ ಒಳಗೆ ನೀರು ಬೀಳುವ ಸದ್ದು ಕೇಳಿತು. ಸ್ನಾನ ಮಾಡುತ್ತಿರಬೇಕು ಎಂದುಕೊಂಡರು. ಹತ್ತೂವರೆಗೆ ಮತ್ತೆ ಹಾಯ್ದಾಗಲೂ ನೀರು ಬೀಳುತ್ತಲೇ ಇತ್ತು. ತೊಟ್ಟಿಕ್ಕುವ ಹನಿಗೆ ಲೋಟ ಹಿಡಿದ ಹೆಂಗಸು ನಲ್ಲಿಯನ್ನು ಹೀಗೆ ಬಿಟ್ಟಿರುತ್ತಾರೆಯೇ? ತಟ್ಟಲು ಕೈ ಎತ್ತಿದರು. ಫೋನು ನೋಡಿದರು. ಎಲೆ. ಇಳಿದುಹೋಗಿ ಮೇಲ್ವಿಚಾರಕಿಗೆ ಹೇಳಿದರು. ಆ ಹುಡುಗಿಗೆ ಹಾಸಿನ ಮೂಲೆ ಮಡಿಸುವುದನ್ನು ಕಲಿಸಿದ್ದೇ ಇವರು. ಅವಳು ಪರದೆ ನೋಡಿ, “ನಾಳೆ ಹನ್ನೊಂದರವರೆಗೂ ಎಲೆ ಇದೆ ಅಕ್ಕಾ, ಬಿಡಿ. ಆಮೇಲೆ ದೂರು ಬರೆದ್ರೆ ಇಬ್ಬರಿಗೂ ತಲೆನೋವು,” ಎಂದಳು. ಮೂಲೆಯಕ್ಕ ಬಿಟ್ಟರು. ಎರಡು ಗಂಟೆಗೆ ಏಪ್ರನ್ ಬಿಚ್ಚಿ ಮನೆಗೆ ಹೋದರು.

ಮರುದಿನ ಹನ್ನೊಂದಕ್ಕೆ ಬಾಗಿಲು ತೆರೆದಾಗ ಟೀಚರಮ್ಮ ಬಚ್ಚಲ ನೆಲದ ಮೇಲಿದ್ದರು. ಕಾಲು ಜಾರಿತ್ತು, ಸೊಂಟ ಮುರಿದಿತ್ತು. ಪಕ್ಕದಲ್ಲಿ ನಲ್ಲಿ ಹಾಗೇ ಸುರಿಯುತ್ತಿತ್ತು. ಹಿಂದಿನ ಸಂಜೆಯವರೆಗೂ ಜೀವ ಇದ್ದಿರಬಹುದು ಎಂದರು ವೈದ್ಯರು. ಅಷ್ಟು ಹೊತ್ತು ಕೂಗಿದರೋ ಏನೋ, ನೀರಿನ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ. ಸಾಮಾನು ಒಯ್ಯಲು ಟೀಚರಮ್ಮನ ತಂಗಿ ಬಂದಿದ್ದರು. ಸಾಬೂನಿನ ಡಬ್ಬಿ, ಲೋಟ, ನಕಾಶೆಯ ಪುಸ್ತಕ ಎಲ್ಲವನ್ನೂ ಮೂಲೆಯಕ್ಕನೇ ಜೋಡಿಸಿ ಕಟ್ಟಿಕೊಟ್ಟರು. ತಂಗಿ ಅವರ ಮುಖ ನೋಡಿ ಒಂದೇ ಮಾತು ಕೇಳಿದರು: “ಒಂದು ದಿನವಿಡೀ ಯಾರೂ ಬಾಗಿಲು ತಟ್ಟಲಿಲ್ವಾ?”

ಹೋಟೆಲಿನವರು ಯಾರನ್ನೂ ದೂರಲಿಲ್ಲ. ಎಲ್ಲವೂ ನಿಯಮದಂತೆ ನಡೆದಿದೆ ಎಂದು ಬರೆದುಕೊಂಡರು. “ಯಾರಾದ್ರೂ ನಾಲ್ಕು ಮಾತು ಬೈದಿದ್ರೆ ಚೆನ್ನಾಗಿತ್ತು,” ಎನ್ನುತ್ತಾರೆ ಮೂಲೆಯಕ್ಕ, ಹಾಸಿನ ಸುಕ್ಕನ್ನು ಅಂಗೈಯಲ್ಲಿ ಸವರುತ್ತ. “ಬೈಸ್ಕೊಂಡಿದ್ರೆ ಅಲ್ಲಿಗೆ ಮುಗೀತಿತ್ತು. ಈಗ ಯಾರ ಮನೇಲಿ ನೀರು ಬಿಟ್ಟ ಸದ್ದಾದ್ರೂ ಹೋಗಿ ನಿಲ್ಲಿಸಿ ಬರ್ತೀನಿ. ಮಗಳು ಸ್ನಾನಕ್ಕೆ ಹೋದ್ರೆ ಹೊರಗೆ ನಿಂತು ಮಾತಾಡಿಸ್ತಾ ಇರ್ತೀನಿ. ಅವಳಿಗೆ ರೇಗುತ್ತೆ ಪಾಪ.”

ಆ ವಾರದಿಂದ ಅವರು ತಟ್ಟಲು ತೊಡಗಿದರು. ಹೆಚ್ಚಿನವರು ಒಳಗಿನಿಂದಲೇ “ಹೂಂ” ಎನ್ನುತ್ತಾರೆ. ಕೆಲವರು ಥ್ಯಾಂಕ್ಸ್ ಹೇಳುತ್ತಾರೆ. ಮೂವರು ಮಾತ್ರ ಫೋನಿನಲ್ಲಿ ದೂರು ಬರೆದರು. ಅವರಲ್ಲಿ ಒಬ್ಬರ ಮಾತು ಹೀಗಿತ್ತು: ‘ಮೌನಕ್ಕಾಗಿ ಇಷ್ಟು ದೂರ ಬಂದೆ. ಇಲ್ಲಿ ಅದೂ ಸಿಗಲಿಲ್ಲ.’ ಅದನ್ನು ಮಗಳಿಂದ ಓದಿಸಿಕೊಂಡು ಮೂಲೆಯಕ್ಕ, “ಅವರದ್ದೂ ತಪ್ಪಲ್ಲ ಬಿಡು,” ಎಂದರಂತೆ.

ಗಂಡ ತಮಾಷೆ ಮಾಡುತ್ತಾರೆ: “ಊರ ಉಸಾಬರಿಯೆಲ್ಲ ಇವಳಿಗೇ. ನನಗೆ ಎರಡು ದಿನ ಜ್ವರ ಬಂದಿತ್ತು, ಒಂದು ಸಲ ತಟ್ಟಲಿಲ್ಲ.”

“ನಿಮ್ಮ ಗೊರಕೆ ಬೀದಿ ಕೊನೆವರೆಗೂ ಕೇಳುತ್ತೆ. ತಟ್ಟೋದು ಯಾಕೆ?”

ಟೀಚರಮ್ಮನಂಥ ಪ್ರವಾಸಿಗರು ಇನ್ನು ಹೆಚ್ಚಾಗುತ್ತಾರೆ, ಹೆಚ್ಚಾಗಬೇಕು ಕೂಡ ಎಂದು ಮಗಳು ವಾದಿಸುತ್ತಾಳೆ. ರೈಲು ಹತ್ತುವವರು, ನೀರಿನ ಲೆಕ್ಕ ಇಡುವವರು, ಯಾರಿಗೂ ಹೊರೆಯಾಗದೆ ಫೋನಿನಲ್ಲೇ ಎಲ್ಲ ಮುಗಿಸಿಕೊಳ್ಳುವವರು. ತಾಯಿ ಒಪ್ಪುತ್ತಾರೆ. ಎಲೆಯ ಪಕ್ಕದಲ್ಲಿ ಇನ್ನೊಂದು ಗುಂಡಿ ಇರಲಿ ಎನ್ನುವುದಷ್ಟೇ ಅವರ ಬೇಡಿಕೆ: ‘ಗುಡಿಸಬೇಡಿ, ಆದರೆ ದಿನಕ್ಕೊಮ್ಮೆ ತಟ್ಟಿ.’ ಮಗಳ ಕೈಲಿ ಬರೆಸಿ ಸಲಹೆ ಪೆಟ್ಟಿಗೆಗೆ ಹಾಕಿ ಏಳು ತಿಂಗಳಾಗಿದೆ. ಉತ್ತರ ಬಂದಿಲ್ಲ.

ಎರಡು ಗಂಟೆಗೆ ಹತ್ತು ನಿಮಿಷ. ನೆಲಮಾಳಿಗೆಯ ಮೇಜಿನ ಹಿಂದೆ ಮೇಲ್ವಿಚಾರಕಿ ಪೆನ್ನು ಮುಂದೆ ಚಾಚುತ್ತಾಳೆ. “ಸಹಿ ಗೀಚಿಬಿಡಿ ಅಕ್ಕಾ. ಆಮೇಲೆ ನೀವು ತಟ್ಟಿದ್ರೆ ಬಂದು ನೋಡೋರು ಯಾರು?”

“ತಟ್ಟಲ್ಲ ಅಂತ ಬರೆದುಕೊಟ್ಟು ತಟ್ಟಿದ್ರೆ ಸುಳ್ಳಿ ಆಗ್ತೀನಿ. ಬರೆದುಕೊಟ್ಟು ತಟ್ಟದೆ ಇದ್ರೆ...” ಮೂಲೆಯಕ್ಕ ಪೆನ್ನನ್ನು ಹಿಂದಕ್ಕೆ ಸರಿಸುತ್ತಾರೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ.

“ಅವತ್ತು ಬಿಡಿ ಅಂದಿದ್ದು ನಾನು,” ಎನ್ನುತ್ತಾಳೆ ಹುಡುಗಿ ಸಣ್ಣ ದನಿಯಲ್ಲಿ. ಒಂದು ವರ್ಷದಲ್ಲಿ ಈ ಮಾತು ಅವಳ ಬಾಯಿಂದ ಬಂದದ್ದು ಇದೇ ಮೊದಲು.

“ನೀನು ಅಂದೆ. ಬಿಟ್ಟೋಳು ನಾನಲ್ವೇನೆ?” ಎಂದು ಅವಳ ತಲೆ ನೇವರಿಸಿ, ಕಾಗದವನ್ನು ಹಾಗೇ ಮೇಜಿನ ಮೇಲಿಟ್ಟು ಏಪ್ರನ್ ಬಿಚ್ಚುತ್ತಾರೆ.

ಸೋಮವಾರದಿಂದ ಲಾಂಡ್ರಿ. ಅಲ್ಲಿ ಆರು ಯಂತ್ರಗಳಿವೆ. ಎಲೆ ಬಂದ ಮೇಲೆ ತಿರುಗುವುದು ಎರಡೇ. ಅವೂ ಎಷ್ಟು ದಿನವೋ ಯಾರಿಗೂ ಗೊತ್ತಿಲ್ಲ. ಮಹಡಿಗೆ ಇನ್ನು ವಾರಕ್ಕೊಬ್ಬರಂತೆ ಹೊಸಬರು ಬರುತ್ತಾರಂತೆ. ಅವರು ತಟ್ಟುತ್ತಾರೆಯೇ ಎಂದರೆ ಮೂಲೆಯಕ್ಕ ತಲೆಯಾಡಿಸುತ್ತಾರೆ. ಅದು ಹೌದೂ ಅಲ್ಲ, ಇಲ್ಲವೂ ಅಲ್ಲ.

“ಫೋನಲ್ಲಿ ಆ ತಟ್ಟೋ ಗುಂಡಿ ಬಂದ ದಿನ ನನಗೊಂದು ಮಾತು ಹೇಳಿ ಕಳಿಸಲಿ, ಸಾಕು,” ಎನ್ನುತ್ತಾರೆ, ಚಪ್ಪಲಿ ಮೆಟ್ಟಿಕೊಳ್ಳುತ್ತ. “ನಾಲ್ಕು ಮಹಡಿ ಹತ್ತೋ ಶಕ್ತಿ ಇನ್ನೂ ಇದೆ. ಲಿಫ್ಟೂ ಬೇಡ ನನಗೆ.”